ಕುಂಡ್ರಿಸೇವಿ ಎಂಬ ಮಾತು

ಪುಣೆಯ ಕೊಂಢವಾದಲ್ಲಿರುವ ನಮ್ಮ ಕಟ್ಟಡದಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಮೊದಲು ಹತ್ತುವುದು ಮೂರನೇ ಮಹಡಿ, ಸ್ನೇಹಲ್ ಮನೆ. ಡಾಕ್ಟರು ಆಮೇಲೆ. ಪಾಪ, ಅವಳು ಕೆಲಸದಿಂದ ಬಂದು ಸ್ಕೂಟರಿನ ಸ್ಟ್ಯಾಂಡು ಹಾಕುವಷ್ಟರಲ್ಲೇ ಯಾರೋ ಒಬ್ಬರು ಕುತ್ತಿಗೆ ಓರೆ ಮಾಡಿಕೊಂಡು ಎದುರಿಗೆ ನಿಂತಿರುತ್ತಾರೆ. ಪುಕ್ಕಟೆ ಸಿಕ್ಕರೆ ನಮ್ಮ ಜನಕ್ಕೆ ಇಲ್ಲದ ನೋವೂ ಬರುತ್ತದೆ. ನಾನಾಗಿದ್ದರೆ ಬಾಗಿಲು ಹಾಕಿಕೊಂಡುಬಿಡುತ್ತಿದ್ದೆ. ಅವಳು ಅಲ್ಲೇ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದು, ಕುತ್ತಿಗೆ ಹಿಡಿದು ನೋಡಿ, ಏನು ವ್ಯಾಯಾಮ ಮಾಡಬೇಕೆಂದು ಹೇಳಿಯೇ ಮೇಲೆ ಹೋಗುತ್ತಾಳೆ.

ಅವಳಿಗೆ ಈಗ ನಲವತ್ತರ ಹತ್ತಿರ. ಮಗರಪಟ್ಟಾದ ಒಂದು ಕ್ಲಿನಿಕ್ಕಿನಲ್ಲಿ ಫಿಜಿಯೋಥೆರಪಿಸ್ಟ್. ಮದುವೆ ಯಾಕಾಗಲಿಲ್ಲ ಎಂದು ನನ್ನನ್ನು ಕೇಳಬೇಡಿ, ನಾನೂ ಅವಳನ್ನು ಕೇಳಿಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ಮತ್ತೆ ಓಡಾಡುವ ಹಾಗೆ ಮಾಡುವುದು ಅವಳ ಮುಖ್ಯ ಕೆಲಸ. ಅದರಲ್ಲಿ ಮೊದಲ ಗೆಲುವು ಅಂದರೆ ರೋಗಿಯನ್ನು ಮಂಚದ ಅಂಚಿನಲ್ಲಿ ಕೂರಿಸುವುದಂತೆ. ಕೂತರೆ ಅರ್ಧ ಬದುಕಿದ ಹಾಗೆ, ಆಮೇಲೆ ನಿಲ್ಲಿಸಬಹುದು, ನಡೆಸಬಹುದು ಎನ್ನುತ್ತಾಳೆ. ಯಾರನ್ನಾದರೂ ಹಾಗೆ ಕೂರಿಸಿದ ದಿನ ತಾನೇ ಅವರ ಮನೆಯವರಿಗೆ ಫೋನು ಮಾಡಿ, "ಆಜ್ ಬಾಬಾಂನಾ ಬಸವಲಂ" ಎಂದು ಮರಾಠಿಯಲ್ಲಿ ಹೇಳುತ್ತಾಳೆ. ಇವತ್ತು ಅಪ್ಪನನ್ನು ಕೂರಿಸಿದೆವು ಎಂದು. ಆ ದಿನ ಅವಳು ಮೆಟ್ಟಿಲು ಹತ್ತುವ ಸದ್ದೇ ಬೇರೆ ಇರುತ್ತದೆ.

ತಂದೆ ಸಿದ್ದಲಿಂಗಪ್ಪನವರು ಬೈಲಹೊಂಗಲದ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಪುಣೆಗೆ ಬಂದು, ಸ್ವಾರಗೇಟಿನ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಅಲ್ಲೇ ನಿವೃತ್ತರಾದರು. ತಾಯಿ ಬಸವಣ್ಣೆವ್ವ. ತಮ್ಮ ಶಿವರಾಜ ಒಂದು ಬಣ್ಣದ ಕಂಪನಿಯಲ್ಲಿದ್ದಾನೆ. ಅಕ್ಕ ತಮ್ಮ ಇಬ್ಬರೂ ಓದಿದ್ದು ಮರಾಠಿ ಶಾಲೆಯಲ್ಲಿ, ಅವರಿಬ್ಬರ ನಡುವೆ ಮಾತೂ ಮರಾಠಿಯೇ. ಅಪ್ಪ ಅವ್ವನ ಜೊತೆ ಮಾತ್ರ ಕನ್ನಡ. ಅದೂ ರೊಟ್ಟಿ ಬಡಿಯುವ, ಮಜ್ಜಿಗೆ ಕೇಳುವ, ಬೈಸಿಕೊಳ್ಳುವ ಕನ್ನಡ. "ನನ್ನ ಮಗಳ ಕನ್ನಡ ಅರ್ಧ ರೊಟ್ಟಿ, ಅರ್ಧ ಪೋಳಿ" ಎಂದು ಸಿದ್ದಲಿಂಗಪ್ಪನವರು ಮರಾಠಿಯವರ ಚಪಾತಿಯ ಹೆಸರು ಹಿಡಿದು ಛೇಡಿಸುತ್ತಿದ್ದರು. ತುಮಕೂರಿನ ಕಡೆಯ ನನ್ನ ಕನ್ನಡವೂ ಅವರಿಗೆ ತಮಾಷೆಯೇ ಆಗಿತ್ತು. ಮಕ್ಕಳಿಗೆ ನಾನು ಕಾಕೂ, ಅಂದರೆ ಚಿಕ್ಕಮ್ಮ. ಊರಿನಲ್ಲಿ ಯಾರಾದರೂ ಸತ್ತರೆಂದು ಗಂಡ ಹೆಂಡತಿ ಬಸ್ಸು ಹತ್ತುವಾಗ ಮಕ್ಕಳಿಗೆ ಪರೀಕ್ಷೆ ಇದೆಯೆಂದು ಕೆಳಗಿನ ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಹೀಗಾಗಿ ಆ ಹುಡುಗಿ ತನ್ನ ಜನರ ಸಾವಿನ ಮನೆಯನ್ನು ನೋಡಿದವಳೇ ಅಲ್ಲ.

ಎರಡು ವರ್ಷದ ಹಿಂದಿನ ಮಾತು. ಅವಳ ಪೇಶಂಟು ನರ್ಮದಾಬಾಯಿ ಎಂಬ ಮುದುಕಿ, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಸ್ಕತ್ತಿನಲ್ಲಿರುವ ಮಗನ ಮನೆಗೆ ಆಕೆಯನ್ನು ಯಾರಾದರೂ ಜೋಪಾನವಾಗಿ ತಲುಪಿಸಿ, ನಾಲ್ಕು ದಿನ ಇದ್ದು ವ್ಯಾಯಾಮ ಕಲಿಸಿ ಬರಬೇಕಿತ್ತು. ಸ್ನೇಹಲ್ ಒಪ್ಪಿಕೊಂಡಳು. ಅವಳಿಗೆ ಅದು ಮೊದಲ ಪರದೇಶ. ಅವಳಿಗಿಂತ ಹೆಚ್ಚು ಕುಣಿದವರು ಸಿದ್ದಲಿಂಗಪ್ಪನವರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಮಗಳು ವಿಮಾನ ಹತ್ತುವ ಸುದ್ದಿ ಹೇಳಿದ್ದೇ ಹೇಳಿದ್ದು.

ಅವಳು ಹೋದ ಮೂರನೆಯ ದಿನ ಬೆಳಿಗ್ಗೆ ಅವರು ಬಚ್ಚಲಿನಲ್ಲಿ ಬಿದ್ದರು. ಲಕ್ವ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಶಿವರಾಜ ಆಸ್ಪತ್ರೆಯಿಂದ ಸ್ಕ್ಯಾನಿನ ಫೋಟೋ ಅಕ್ಕನಿಗೆ ಕಳಿಸಿದ. ಅದನ್ನು ನೋಡಿದ ಕೂಡಲೇ ಅವಳು ಟಿಕೆಟ್ ಹುಡುಕಲು ಕೂತಳಂತೆ. ಜೀವ ಇರುವಾಗ ಅಪ್ಪನ ಮುಖ ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು. ಆ ದಿನ ಮುಂಬೈಗೆ ಒಂದೇ ಒಂದು ಸೀಟೂ ಇರಲಿಲ್ಲ. ಹೈದರಾಬಾದಿನ ಮೇಲೆ ಸಿಕ್ಕಿತು. ಮರುದಿನ ಬೆಳಿಗ್ಗೆ ಹೈದರಾಬಾದಿನಲ್ಲಿ ಇಳಿದು, ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ಪುಣೆಯ ವಿಮಾನ ಹಿಡಿಯಬೇಕು. ಅದು ತಪ್ಪಿದರೆ ಮುಂದಿನದು ಸಂಜೆ.

ಮಸ್ಕತ್ತಿನಲ್ಲೇ ವಿಮಾನ ತಡವಾಗಿ ಎದ್ದಿತು. ಇಳಿದ ಮೇಲೆ ಎಲ್ಲರೂ ಬ್ಯಾಗು ಎಳೆದುಕೊಂಡು ದಾರಿಯಲ್ಲಿ ಎದ್ದು ನಿಂತರು, ಒಬ್ಬರೂ ಮುಂದೆ ಸರಿಯಲಿಲ್ಲ. ಸ್ನೇಹಲ್ ಕೊನೆಯ ಸಾಲಿನಲ್ಲಿದ್ದಳು. ಇಳಿಯುವ ಹೊತ್ತಿಗೆ ಅರ್ಧ ಸಮಯ ಮುಗಿದಿತ್ತು. ಓಡಿದಳು. ಪಾಸ್‌ಪೋರ್ಟ್ ನೋಡುವ ಹಾಲಿನಲ್ಲಿ ಹಗ್ಗ ಕಟ್ಟಿದ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಎದುರಿಗೇ ಕಾಣುವ ಕೌಂಟರಿಗೆ ಹೋಗಲು ಇಡೀ ಹಾಲು ಸುತ್ತಬೇಕು. ದೊಡ್ಡ ಬ್ಯಾಗು ಬೇರೆ ಬೆಲ್ಟಿನ ಮೇಲೆ ಬರಬೇಕಿತ್ತು. ಬ್ಯಾಗು ಹಾಳಾಗಿ ಹೋಗಲಿ, ಅದನ್ನು ಅಲ್ಲೇ ಬಿಟ್ಟು ಓಡುತ್ತೇನೆ ಎಂದು ಸಾಲಿನಲ್ಲಿ ನಿಂತಲ್ಲೇ ತೀರ್ಮಾನಿಸಿಕೊಂಡಳು.

ಇತ್ತ ಸಿದ್ದಲಿಂಗಪ್ಪನವರು ಅಂದು ನಸುಕಿನಲ್ಲೇ ತೀರಿಕೊಂಡಿದ್ದರು. ಮಗಳು ಆಗ ಆಕಾಶದಲ್ಲಿದ್ದಳು. ಮನೆಗೆ ತಂದಾಗ ನಾನು ಅಲ್ಲೇ ಇದ್ದೆ. ಅಕ್ಕ ಒಬ್ಬಳೇ ದಾರಿಯಲ್ಲಿದ್ದಾಳೆ, ಮನೆಗೆ ಬರುವವರೆಗೆ ಯಾರೂ ಅವಳಿಗೆ ಹೇಳಬಾರದು ಎಂದು ಶಿವರಾಜ ಎಲ್ಲರಿಗೂ ತಾಕೀತು ಮಾಡಿದ. ಎಲ್ಲರಿಗೂ ಅಂದರೆ, ಆಗ ಬಚ್ಚಲಿನಲ್ಲಿ ಸ್ನಾನ ಮಾಡುತ್ತಿದ್ದ ಒಬ್ಬರನ್ನು ಬಿಟ್ಟು. ಅವರು ಅಂಬಣ್ಣನವರು, ಸಿದ್ದಲಿಂಗಪ್ಪನವರ ತಮ್ಮ. ಅಣ್ಣ ಬಿದ್ದ ಸುದ್ದಿ ಕೇಳಿ ಊರಿನಿಂದ ಬಸ್ಸು ಹಿಡಿದು ಬಂದಿದ್ದರು.

ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತ ಹಾಗೆಯೇ ಹೊತ್ತುಕೊಂಡು ಹೋಗಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅವರ ಊರಿನಲ್ಲಿ ಇಂಥ ದಿನ ಯಾರನ್ನಾದರೂ "ಕುಂಡ್ರಿಸ್ಯಾರ" ಅಂದರೆ ಮುಂದೆ ಕೇಳುವುದೇನೂ ಇರುವುದಿಲ್ಲವಂತೆ. ಚಪ್ಪಲಿ ಮೆಟ್ಟಿಕೊಂಡು ಹೊರಡುವುದೇ. ಸತ್ತರು ಅನ್ನುವುದಕ್ಕಿಂತ ಅದು ಮೆತ್ತಗಿನ ಮಾತು. ನನಗೂ ಅದು ಗೊತ್ತಾಗಿದ್ದು ಆ ದಿನವೇ.

ಶಿವರಾಜ ಮಸಣದ ಪಾಸು ಮಾಡಿಸಲು ಮುನಿಸಿಪಾಲಿಟಿಗೆ ಹೋಗಿದ್ದ. ಅವಸರದಲ್ಲಿ ಫೋನನ್ನು ಮನೆಯಲ್ಲೇ ಚಾರ್ಜಿಗೆ ಬಿಟ್ಟಿದ್ದ. ಸ್ನೇಹಲ್ ಸಾಲಿನಿಂದ ಅದಕ್ಕೇ ಫೋನು ಮಾಡಿದಳು. ಎತ್ತಿಕೊಂಡವರು ಅಂಬಣ್ಣನವರು. ಮಗಳಿಗೆ ಸುದ್ದಿ ಮುಟ್ಟಿದೆ ಎಂದೇ ಅವರು ತಿಳಿದಿದ್ದರು.

"ಅಪ್ಪಾನ್ನ ಕುಂಡ್ರಿಸೇವಿ, ಯವ್ವಾ" ಎಂದರು. "ನೀ ಗಾಬರಿ ಆಗಬ್ಯಾಡ, ಸಾವಕಾಶ ಬಾ. ನೀ ಬರೂತನಕ ಎತ್ತೂದಿಲ್ಲ."

ಸ್ನೇಹಲ್ ಕಿವಿಗೆ ಬಿದ್ದದ್ದು ಅವಳ ದಿನನಿತ್ಯದ ಮಾತು. ಬಾಬಾಂನಾ ಬಸವಲಂ. ಅಪ್ಪನನ್ನು ಕೂರಿಸಿದ್ದಾರೆ. ತಾನು ಬರುವವರೆಗೆ ಎತ್ತಿ ನಿಲ್ಲಿಸುವುದಿಲ್ಲವಂತೆ, ಅದೂ ಸರಿಯೇ. ಗೊತ್ತಿಲ್ಲದವರು ಲಕ್ವದ ರೋಗಿಯನ್ನು ಎತ್ತಲು ಹೋಗಿ ಭುಜದ ಕೀಲು ತಪ್ಪಿಸಿದ್ದನ್ನು ಅವಳು ಎಷ್ಟೋ ಸಲ ನೋಡಿದ್ದಾಳೆ.

"ಹೌದು ಕಾಕಾ, ನಾ ಬರೂತನಕ ಎತ್ತಬ್ಯಾಡ್ರಿ" ಎಂದಳು.

ಅಷ್ಟರಲ್ಲಿ ಕಾವಲಿನವನು ಬಂದು ಇಲ್ಲಿ ಫೋನು ಬಳಸುವಂತಿಲ್ಲ ಎಂದು ಗದರಿದ. ಫೋನು ನಿಂತಿತು. ಈ ಕಡೆ ಅಂಬಣ್ಣನವರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಮಗಳು ಭಾಳ ಗಟ್ಟಿ ಅದಾಳ ಎಂದು ಬಸವಣ್ಣೆವ್ವನಿಗೆ ಹೇಳಿದ್ದನ್ನು ನಾನೇ ಕೇಳಿದೆ. ಬಸವಣ್ಣೆವ್ವ ಅಂದುಕೊಂಡರು, ಹೇಗೋ ಗೊತ್ತಾಯಿತಲ್ಲ, ಒಂದು ಭಾರ ಇಳಿಯಿತು ಎಂದು.

ಅಷ್ಟು ದೊಡ್ಡ ಪೆಟ್ಟಾದವರನ್ನು ಮರುದಿನವೇ ಯಾರಾದರೂ ಕೂರಿಸುತ್ತಾರೆಯೇ ಎಂದು ಅವಳಿಗೆ ಅನುಮಾನ ಬರಬೇಕಿತ್ತು, ನಿಜ. ಬಂದದ್ದು ಸಿಟ್ಟು. ಇಷ್ಟು ಅವಸರ ಮಾಡುವುದು ಯಾವ ಆಸ್ಪತ್ರೆ ಎಂದು ಮನಸ್ಸಿನಲ್ಲೇ ಬೈದುಕೊಂಡಳಂತೆ. ಆ ಬೈಗುಳದ ಒಳಗೇ ನಗು. ಬೇಕಾಗಿದ್ದ ಸುದ್ದಿಯೇ ಬಂದು ಕೈಗೆ ಬಿದ್ದಾಗ ಅದನ್ನು ತಿರುಗಿಸಿ ನೋಡುವವರು ಯಾರು? ನಾನಂತೂ ಅಲ್ಲ, ನೀವೂ ಅಲ್ಲ. ಹಿಂದಿನ ದಿನದಿಂದ ಹಿಡಿದುಕೊಂಡಿದ್ದ ಉಸಿರನ್ನು ಅವಳು ಅಲ್ಲಿ ಬಿಟ್ಟಳು. ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಹೆಂಗಸಿಗೆ ಮುಂದೆ ಹೋಗಲು ಜಾಗವನ್ನೂ ಕೊಟ್ಟಳು.

ಈಗ ಬ್ಯಾಗು ಬಿಟ್ಟು ಹೋಗುವುದು ಬೇಡ ಅನ್ನಿಸಿತು. ಅದರಲ್ಲಿ ಸ್ನಾಯುಗಳಿಗೆ ಸಣ್ಣ ಕರೆಂಟು ಕೊಡುವ ಮಷಿನ್ ಇತ್ತು, ನರ್ಮದಾಬಾಯಿಗೆಂದು ಒಯ್ದಿದ್ದು. ಅಪ್ಪ ಕೂರುತ್ತಾರೆ ಅಂದ ಮೇಲೆ ನಾಳೆಯಿಂದ ಅವರ ಕೈಗೆ ಅದು ಬೇಕೇ ಬೇಕು. ಬೆಲ್ಟಿನ ಪಕ್ಕ ನಿಂತಳು. ಯಾರು ಯಾರದೋ ಪೆಟ್ಟಿಗೆಗಳು, ಹಗ್ಗ ಬಿಗಿದ ಟಿವಿ ಡಬ್ಬಿಗಳು ಸುತ್ತು ಹೊಡೆದವು. ಅವಳದು ಬರುವ ಹೊತ್ತಿಗೆ ಬೆಲ್ಟಿನ ಸುತ್ತ ಬೆರಳೆಣಿಕೆಯಷ್ಟು ಜನ ಉಳಿದಿದ್ದರು.

ಮುಂದಿನ ವಿಮಾನಕ್ಕೆ ಬ್ಯಾಗು ಒಪ್ಪಿಸುವ ಕೌಂಟರಿನ ಹುಡುಗಿ ಗಡಿಯಾರ ನೋಡಿ ತಲೆ ಆಡಿಸಿದಳು. ಬ್ಯಾಗು ತೆಗೆದುಕೊಳ್ಳುವ ಹೊತ್ತು ಮುಗಿದಿತ್ತು. ಆದರೂ ಒಳ್ಳೆಯವಳು. ಬ್ಯಾಗನ್ನು ನಮ್ಮ ಹತ್ತಿರ ಬಿಟ್ಟು ಓಡಿ, ನಾನು ಗೇಟಿಗೆ ಹೇಳುತ್ತೇನೆ, ಬ್ಯಾಗು ನಾಳೆಯೋ ನಾಡಿದ್ದೋ ಬರುತ್ತದೆ ಎಂದಳಂತೆ. ಸ್ನೇಹಲ್ ಒಂದು ಕ್ಷಣ ಯೋಚಿಸಿ, ಪರವಾಗಿಲ್ಲ, ಸಂಜೆಯ ವಿಮಾನಕ್ಕೇ ಹೋಗುತ್ತೇನೆ ಎಂದುಬಿಟ್ಟಳು.

ಇದನ್ನು ಬರೆಯುವಾಗ ಈಗಲೂ ಆ ಹುಡುಗಿಯ ರಟ್ಟೆ ಹಿಡಿದು ಗೇಟಿನ ಕಡೆ ದೂಡಬೇಕು ಅನ್ನಿಸುತ್ತದೆ. ಅವಳು ಚಹಾ ತಗೊಂಡು, ಕಾಲು ಚಾಚಿ, ಅಪ್ಪನಿಗೆ ಮೊದಲ ವಾರ ಏನು ವ್ಯಾಯಾಮ, ಎರಡನೇ ವಾರ ಏನು ಎಂದು ಲೆಕ್ಕ ಹಾಕುತ್ತ ಕೂತಿದ್ದಳಂತೆ. ವಿಮಾನ ತಪ್ಪಿತು, ರಾತ್ರಿ ಬರುತ್ತೇನೆ ಎಂದು ತಮ್ಮನಿಗೆ ಮೆಸೇಜು ಹಾಕಿದಳು. ಆಮೇಲೆ ಕೂತಲ್ಲೇ ನಿದ್ದೆ ಹೋದಳು. ಹಿಂದಿನ ದಿನದಿಂದ ಕಣ್ಣು ಮುಚ್ಚಿರಲಿಲ್ಲ.

ಶಿವರಾಜ ತಿರುಗಿ ಬಂದು ಮೆಸೇಜು ನೋಡಿದಾಗ ಮಧ್ಯಾಹ್ನ ಬಾಗಿತ್ತು. ಮನೆಯಲ್ಲಿ ಗುಜುಗುಜು ಎದ್ದಿತು. ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕು ಎಂದು ಕ್ರಿಯೆ ಮಾಡಿಸಲು ಬಂದ ಅಯ್ನೋರು ಹೇಳಿಯಾಗಿತ್ತು. ಚಳಿಗಾಲ, ಹೊತ್ತು ಬೇಗ ಮುಳುಗುತ್ತದೆ. ಐಸಿನ ಪೆಟ್ಟಿಗೆ ತರಿಸಿ ರಾತ್ರಿ ಇಟ್ಟುಕೊಳ್ಳೋಣ ಎಂದರು ಯಾರೋ. ಅಂಬಣ್ಣನವರು ಒಪ್ಪಲಿಲ್ಲ. ಒಮ್ಮೆ ಕುಂಡ್ರಿಸಿದ ಮೇಲೆ ಮತ್ತೆ ಮಲಗಿಸುವ ಪದ್ಧತಿ ಇಲ್ಲ ಎಂದರು. ಐಸಿನ ಪೆಟ್ಟಿಗೆಯಲ್ಲಿ ಕೂರಿಸುವುದಕ್ಕೆ ಆಗುವುದಿಲ್ಲವಲ್ಲ. ಶಿವರಾಜ ತಲೆ ಕೆಟ್ಟು ಅಕ್ಕನಿಗೆ ಫೋನು ಮಾಡಿದ. ಕಾಕಾ ಎಲ್ಲ ಹೇಳಿದ್ದಾರೆ ಎಂದು ಅವನಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

ನಿದ್ದೆಯಿಂದ ಎದ್ದವಳು ಮೊದಲು ಕೇಳಿದ್ದು ಅಪ್ಪ ಎಷ್ಟು ಹೊತ್ತು ಕೂತಿದ್ದರು ಎಂದು. ಬೆಳಿಗ್ಗೆಯಿಂದ ಕೂರಿಸಿದ್ದೇವೆ ಎಂದು ತಮ್ಮ ಮರಾಠಿಯಲ್ಲಿ ಹೇಳಿದ. ಬೆಳಿಗ್ಗೆಯಿಂದಲೇ? ಬೆನ್ನಿಗೆ ಆಸರೆ ಏನು ಎಂದು ಅವಳು ಗಾಬರಿಯಲ್ಲಿ ಕೇಳುತ್ತಿದ್ದ ಹಾಗೆಯೇ ಅವನು ಅಳುತ್ತ, ಸಂಜೆಯ ಮೇಲೆ ಬಾಡಿ ಇಡೋದು ಬೇಡ ಅಂತಿದ್ದಾರೆ, ನೀನೇ ಏನಾದರೂ ಹೇಳು ಎಂದ.

ಬಾಡಿ ಎಂದ. ಆ ಒಂದು ಮಾತು ಸಾಕಾಯಿತು. ಕಾಕಾನ ಮಾತಿನ ಅರ್ಥ ಆಗ ಅವಳಿಗೆ ಒಟ್ಟಿಗೇ ಬಂದು ಬಡಿಯಿತು. ಕಾಲ ಬಳಿ ಬ್ಯಾಗು ಇತ್ತು. ಗಾಜಿನ ಆಚೆ ವಿಮಾನಗಳು ಏಳುತ್ತಿದ್ದವು, ಅವಳದಲ್ಲ. ಕೌಂಟರಿಗೆ ಓಡಿ ಕೇಳಿದಳು. ಬೆಂಗಳೂರಿನ ಮೇಲೆ ಹೋದರೆ ಇನ್ನೂ ತಡ. ರಸ್ತೆಯಲ್ಲಿ ಹೋದರೆ ಮಧ್ಯರಾತ್ರಿ. ಎಷ್ಟು ದುಡ್ಡು ಕೊಟ್ಟರೂ, ಯಾರ ಕಾಲು ಹಿಡಿದರೂ ಹೊತ್ತು ಮುಳುಗುವ ಮುಂಚೆ ಆ ಕಟ್ಟಡದಿಂದ ಕೊಂಢವಾಕ್ಕೆ ದಾರಿಯೇ ಇರಲಿಲ್ಲ. ಬಾಗಿಲು ತೆರೆದೇ ಇರುವ ಜೈಲು ಅದು ಎಂದು ನನಗೆ ಆಮೇಲೆ ಹೇಳಿದಳು.

ಶಿವರಾಜ ಫೋನನ್ನು ತಾಯಿಗೆ ಕೊಟ್ಟು ಸ್ಪೀಕರ್ ಹಾಕಿದ. ನಲವತ್ತು ವರ್ಷ ಗಂಡನ ಎದುರಾಗಲಿ, ಮೈದುನನ ಎದುರಾಗಲಿ ದನಿ ಎತ್ತದ ಬಸವಣ್ಣೆವ್ವ ಅಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಪದ್ಧತಿ ಇರಲಿ ಬಿಡವ್ವ. ನಾ ಮಲಗಸ್ತೇನಿ. ಐಸಿನ್ಯಾಗ ಇಡ್ತೇನಿ. ನನ್ನ ಮಗಳು ಅಪ್ಪನ ಮಾರಿ ನೋಡೇ ನೋಡ್ತಾಳ."

ಅಂಬಣ್ಣನವರು ಅತ್ತಿಗೆಯ ಮುಖ ನೋಡಿ ಪಕ್ಕಕ್ಕೆ ಸರಿದರು. ಶಿವರಾಜ ಐಸಿನ ಪೆಟ್ಟಿಗೆಗೆ ಹೇಳಲು ಹೊರಟೇಬಿಟ್ಟ. ನನಗಂತೂ ಎದ್ದು ಹೋಗಿ ಬಸವಣ್ಣೆವ್ವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಫೋನಿನಲ್ಲಿ ಸ್ನೇಹಲ್, ಅಪ್ಪ ಹೋಗಿದ್ದು ಎಷ್ಟು ಗಂಟೆಗೆ ಎಂದು ಕೇಳಿದಳು. ನಸುಕಿನಲ್ಲಿ ಎಂದರು ತಾಯಿ. ಕಾಲು ಮಡಿಸಿ ಕೂರಿಸಿದ್ದೀರಾ ಎಂದು ಕೇಳಿದಳು. ಹೌದು ಎಂದರು.

"ಬ್ಯಾಡವ್ವ" ಎಂದಳು ಕಡೆಗೆ. "ಈಗ ಮೊಣಕಾಲ, ಸೊಂಟ ಎಲ್ಲಾ ಬಿಗದಿರ್ತಾವ. ಮಲಗಸ್ಬೇಕಂದ್ರ ಮುರದಂಗ ಹಿಡದು ಎಳೀಬೇಕಾಗ್ತದ. ಅಪ್ಪಗ ಹಂಗ ಮಾಡಬ್ಯಾಡ್ರಿ. ನಾ ಬರೂತನಕ ಕಾಯೂದು ಬ್ಯಾಡ. ಕರಕೊಂಡ ಹೋಗ್ರಿ."

ಊರವರ ಕೀಲುಗಳನ್ನೆಲ್ಲ ಹಗುರಾಗಿ ಬಿಡಿಸುವ ಹುಡುಗಿ ತನ್ನ ಅಪ್ಪನ ಮುಖವನ್ನು ಹಾಗೆ ಬಿಟ್ಟುಕೊಟ್ಟಳು. ವಿಡಿಯೋದಲ್ಲಾದರೂ ನೋಡು ಎಂದು ಶಿವರಾಜ ಅಂದಿದ್ದಕ್ಕೆ ಫೋನಿನಲ್ಲಿ ಬೇಡ ಎಂದಳು. ಆಗ ಬಸವಣ್ಣೆವ್ವ ಕೇಳಬಾರದ ಪ್ರಶ್ನೆ ಕೇಳಿದರು. ತಾಯಿ, ಕೇಳದೆ ಏನು ಮಾಡಿಯಾರು?

"ಕಾಕಾ ಮುಂಜಾನೇನ ಹೇಳಿದ್ನಲ್ಲವ್ವ. ಮತ್ಯಾಕ ತಡಾ ಮಾಡಿದಿ?"

"ಬ್ಯಾಗ ಬರೂದು ತಡಾ ಆತವ್ವ" ಎಂದಳು ಸ್ನೇಹಲ್.

ಇನ್ನೂ ಬಿಸಿಲಿರುವಾಗಲೇ ಸಿದ್ದಲಿಂಗಪ್ಪನವರನ್ನು ಕರೆದುಕೊಂಡು ಹೋದರು. ಅವಳು ಮನೆಗೆ ಬಂದಾಗ ನೆಲ ತೊಳೆದಾಗಿತ್ತು, ಅವರು ಕೂತಿದ್ದ ಜಾಗದಲ್ಲಿ ದೀಪ ಹಚ್ಚಿತ್ತು. ಬಂದವಳು ಬ್ಯಾಗನ್ನು ಬಾಗಿಲ ಹೊರಗೇ ಬಿಟ್ಟು, ಆ ಗೋಡೆಯ ಹತ್ತಿರ ಹೋಗಿ ಸುಮ್ಮನೆ ನಿಂತಳು. ಅಳು ಬಂದದ್ದು ಎಷ್ಟೋ ದಿನದ ಮೇಲೆ, ನಮ್ಮ ಮನೆಯ ಅಡುಗೆ ಕಟ್ಟೆಗೆ ಒರಗಿಕೊಂಡು. ಕಾಕಾನ ಫೋನಿನ ವಿಷಯವೆಲ್ಲ ಅವಳು ಹೇಳಿದ್ದು ಆಗಲೇ.

ಹೋದ ತಿಂಗಳು ಎರಡನೆಯ ವರ್ಷದ ಪೂಜೆಗೆ ನೆಂಟರೆಲ್ಲ ಸೇರಿದ್ದರು. ಊಟದ ಸಾಲಿನಲ್ಲಿ ಅಂಬಣ್ಣನವರು ಪಕ್ಕದವರಿಗೆ, ಕಲಿತ ಮಕ್ಕಳು ನೋಡ್ರಿ, ಒಂದು ಬ್ಯಾಗಿನ ಸಲುವಾಗಿ ಅಪ್ಪನ ಮಣ್ಣಿಗೆ ಬರಲಿಲ್ಲ ಎಂದು ಹೇಳಿದರು. ಅದೇನೂ ಹೊಸ ಮಾತಲ್ಲ, ಎರಡು ವರ್ಷದಿಂದ ಅವರ ಬಳಗದಲ್ಲಿ ಓಡಾಡುತ್ತಿರುವುದೇ. ಪಲ್ಯ ಬಡಿಸುತ್ತಿದ್ದ ಸ್ನೇಹಲ್‌ಗೆ ಅದು ಕೇಳಿಸಿತು. ಬಸವಣ್ಣೆವ್ವನಿಗೂ ಕೇಳಿಸಿತು, ಅವರು ತಲೆ ತಗ್ಗಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಸ್ನೇಹಲ್ ಪಲ್ಯದ ಪಾತ್ರೆ ಕೆಳಗಿಟ್ಟು, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಯಾಕೆ ಸುಮ್ಮನಿರುತ್ತೀಯ, ತಪ್ಪು ನಿನ್ನದಲ್ಲ ಎಂದು ಅವರಿಗೆ ಹೇಳಬಾರದೇ ಎಂದು ನಾನು ರೇಗಿದೆ. ಅವಳು ಹೊರಗೆ ತಾಯಿ ಕೂತಿದ್ದ ಕಡೆ ನೋಡಿದಳು.

"ಬ್ಯಾಗಿನ ಸಲುವಾಗಿ ಅಂದ್ರ ಅವ್ವ ನಾಕ ದಿನ ಸಿಟ್ಟ ಮಾಡಿ ಬಿಡ್ತಾಳ, ಕಾಕೂ" ಎಂದಳು. "ನೀ ಆಡೂ ಮಾತು ನನಗ ತಿಳೀಲಿಲ್ಲವ್ವ ಅಂತ ಅಕಿಗೆ ಹೆಂಗ ಹೇಳ್ಲಿರಿ?"